ಓಬಣ್ಣನವರ ಕಾಲು ಕಾಯಿಸಿದ ಪೆಟ್ಟಿಗೆ

2025ರ ಸೆಪ್ಟೆಂಬರ್ 15, ಸೋಮವಾರ, ಬೆಳಿಗ್ಗೆ 11 ಗಂಟೆ 10 ನಿಮಿಷಕ್ಕೆ ಮೊಳಕಾಲ್ಮೂರಿನ ಓಬಣ್ಣನವರು ತಮ್ಮ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು, ತುಳಿಯುವ ಹಲಗೆಯನ್ನು ಬಲಗಾಲಿನ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರು. ಒತ್ತಿ, ತಲೆಯೆತ್ತಿ ನೋಡಿದರು. ಮಗ್ಗದ ನೆತ್ತಿಯ ಮೇಲೆ ವೀಣಾ ಮಾಡಿ ತಂದಿದ್ದ ಹಸಿರು ಪೆಟ್ಟಿಗೆ ಕೂತಿತ್ತು. ಅದು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಏನೋ ನೆನಪಾದಂತೆ ಟಕ್ ಎಂದು ರೇಷ್ಮೆ ಎಳೆಗಳನ್ನು ಮೇಲೆತ್ತಿತು.

"ನಿದ್ದೆ ಮಾಡ್ತಿತ್ತಾ?" ಅಂದರು ಓಬಣ್ಣ.

"ಇಲ್ರೀ, ಬರೀ 340 ಮಿಲಿಸೆಕೆಂಡು. ಒಂದು ಸೆಕೆಂಡಿನ ಮೂರನೇ ಒಂದು ಪಾಲು ಅಷ್ಟೆ," ಅಂದಳು ವೀಣಾ.

"ಪಾಲುಗೀಲು ನಂಗೆ ತಿಳಿಯಲ್ಲಮ್ಮ, ನನ್ನ ಕಾಲಿಗೆ ತಿಳೀತೈತೆ. ನಾನು ತುಳಿದು, ನಿನ್ನ ಪೆಟ್ಟಿಗೆ ಕೂತು ಯೋಚ್ನೆ ಮಾಡಿ, ಆಮೇಲೆ ಎಳೆ ಎದ್ರೆ ಅಲ್ಲೀತಂಕ ನನ್ನ ಲಾಳಿ ಏನು ಮಾಡ್ಬೇಕು? ರಾಂಪುರಕ್ಕೆ ಹೋಗಿ ಬರ್ಬೇಕಾ?"

ಓಬಣ್ಣನವರದು ನಲವತ್ತೆರಡು ವರ್ಷದ ನೇಯ್ಗೆ. ಅವರ ಮಗ್ಗದ ಮೇಲಿದ್ದ ಹಳೆಯ ಜಕಾರ್ಡ್ ಯಂತ್ರ ತೂತು ಕೊರೆದ ರಟ್ಟುಗಳ ಸಾಲನ್ನು ಓದಿಕೊಂಡು, ಯಾವ ಎಳೆ ಏಳಬೇಕು, ಯಾವುದು ಕೂತಿರಬೇಕು ಎಂದು ತೀರ್ಮಾನಿಸುತ್ತಿತ್ತು. ತೀರ್ಮಾನ ಅದರದಾದರೂ ಎಳೆ ಎತ್ತುವ ಬಲ ಮಾತ್ರ ಓಬಣ್ಣನವರ ಬಲಗಾಲಿನದು. ಒಂದು ಸೀರೆಗೆ ಹದಿನೈದು ಸಾವಿರ ಸಲಕ್ಕೂ ಹೆಚ್ಚು ತುಳಿದು ತುಳಿದು ಅವರ ಮಂಡಿ ಈಗ ಮೆಟ್ಟಿಲು ಕಂಡರೇ ಮುನಿಸಿಕೊಳ್ಳುತ್ತಿತ್ತು. ವೀಣಾಳ ಪೆಟ್ಟಿಗೆಯಲ್ಲಿ ರಟ್ಟಿಲ್ಲ, ಭಾರವಿಲ್ಲ. ಹಲಗೆಗೆ ಬೆರಳು ತಾಕಿಸಿದರೆ ಸಾಕು, ಪೆಟ್ಟಿಗೆಯೊಳಗಿನ ಅಂಗೈಯಗಲದ ಕಂಪ್ಯೂಟರು ಚಿತ್ತಾರದ ಮುಂದಿನ ಸಾಲು ಓದಿ, ವಿದ್ಯುತ್ ಕಾಂತಗಳಿಗೆ ಹೇಳಿ ಎಳೆ ಎತ್ತಿಸುತ್ತದೆ. ಎತ್ತಿಸಬೇಕು, ಕನಿಷ್ಠ.

"ನೋಡಮ್ಮ," ಅಂದರು ಓಬಣ್ಣ, "ಬರೋ ಭಾನುವಾರ ಅಮಾವಾಸ್ಯೆ, ಅವತ್ತು ಮಗ್ಗ ಮುಟ್ಟಂಗಿಲ್ಲ. ಸೋಮವಾರ ಹೊಸ ಸೀರೆ ಶುರು ಮಾಡ್ತೀನಿ. ಅವತ್ತೂ ನನ್ನ ಕಾಲು ಕಾದ್ರೆ ಪೆಟ್ಟಿಗೆ ನಿಮ್ಮನೆಗೆ, ಮಗ್ಗ ಅಟ್ಟಕ್ಕೆ. ಗುಂಡಿ ಮುಚ್ಚಿಸಿ ಇಲ್ಲೊಂದು ದಿವಾನ ಹಾಕ್ಕೊಂಡು ಮಲಗಿಬಿಡ್ತೀನಿ."

ಹೊರಡುವಾಗ ಓಬಣ್ಣನವರ ಹೆಂಡತಿ ಓಬಳಮ್ಮ ವೀಣಾಳನ್ನು ಬಾಗಿಲ ಮರೆಗೆ ಎಳೆದುಕೊಂಡರು. "ಹೆಂಗಾದ್ರೂ ಮಾಡಿ ಆ ಪೆಟ್ಟಿಗೆ ಸರಿ ಮಾಡಮ್ಮ. ಈ ಮನುಷ್ಯ ಗುಂಡಿಯೊಳಗಿದ್ದಾಗ್ಲೇ ದಿನಕ್ಕೆ ಹತ್ತು ಸಲ ಕೂಗ್ತಾನೆ. ದಿವಾನದ ಮ್ಯಾಲೆ ಬಿದ್ಕೊಂಡ್ರೆ ನನ್ನ ಗತಿ ಏನು?"

ಈ ಮಾತು ವೀಣಾಳ ಎದೆಗೆ ನಾಟಿತು. ಅವಳು ನಾಯಕನಹಟ್ಟಿಯವಳು, ಭೌತಶಾಸ್ತ್ರದ ಎಂ.ಎಸ್ಸಿ., ಯಾವುದನ್ನೂ ಅಳೆಯದೆ ನಂಬದವಳು. ಮನೆಯ ಗೋಡೆ ಗಡಿಯಾರ ವಾರಕ್ಕೆ ಎಷ್ಟು ಸೆಕೆಂಡು ಹಿಂದೆ ಬೀಳುತ್ತದೆ ಎಂದು ಎರಡು ವರ್ಷದಿಂದ ಬರೆದಿಡುತ್ತಿದ್ದಳೇ ಹೊರತು ಗಡಿಯಾರ ರಿಪೇರಿ ಮಾಡಿಸಿರಲಿಲ್ಲ. ಆದರೆ ಒಂದು ದಾಂಪತ್ಯದ ನೆಮ್ಮದಿ ತನ್ನ 340 ಮಿಲಿಸೆಕೆಂಡಿನ ಮೇಲೆ ನಿಂತೀತು ಎಂದು ಅವಳು ಎಣಿಸಿರಲಿಲ್ಲ.

ವೀಣಾಳ ಕಾರ್ಯಾಗಾರ ಇದ್ದದ್ದು ಚಳ್ಳಕೆರೆಯಲ್ಲಿ, ಒಂದು ಕಡಲೆಕಾಯಿ ಎಣ್ಣೆ ಗಿರಣಿಯ ಮಹಡಿಯ ಮೇಲೆ. ಅಲ್ಲಿ ಅವಳಲ್ಲದೆ ಇಬ್ಬರು ಕೆಲಸ ಮಾಡುತ್ತಿದ್ದರು. ನಾಗಾರ್ಜುನ ಓಬಣ್ಣನವರ ಅಣ್ಣನ ಮಗ, ರವಿತೇಜ ಓಬಳಮ್ಮನವರ ತಮ್ಮನ ಮಗ. ಒಬ್ಬರಿಗೊಬ್ಬರು ಬಾವ ಆಗಬೇಕು. ಇಬ್ಬರೂ ಮೂರು ವಾರದಿಂದ ಮಾತು ಬಿಟ್ಟಿದ್ದರು. ಕಾರಣ ಜಮೀನಲ್ಲ, ಹೆಣ್ಣಲ್ಲ. ರನ್‌ಟೈಮ್.

ಇದೇನೆಂದು ಹೇಳಿಬಿಡಬೇಕು. ಪೆಟ್ಟಿಗೆಯ ಪ್ರೋಗ್ರಾಂ ಬರೆದದ್ದು ರಸ್ಟ್ ಎಂಬ ಭಾಷೆಯಲ್ಲಿ. ಪೆಟ್ಟಿಗೆಗೆ ಐದಾರು ಕೆಲಸ: ಹಲಗೆ ಒತ್ತಿದರಾ ನೋಡುವುದು, ಚಿತ್ತಾರದ ಸಾಲು ತರುವುದು, ಎಳೆ ಎತ್ತುವುದು, ಪುಟ್ಟ ಪರದೆಯ ಮೇಲೆ ಲೆಕ್ಕ ತೋರಿಸುವುದು, ಓಬಣ್ಣನವರ ಫೋನಿಗೆ ಸುದ್ದಿ ಕಳಿಸುವುದು. ಈ ಕೆಲಸಗಳಲ್ಲಿ ಮುಕ್ಕಾಲು ಪಾಲು ಬರೀ ಕಾಯುವುದೇ. ಒಂದು ಕೆಲಸ ಕಾಯುತ್ತಿರುವಾಗ ಸುಮ್ಮನೆ ಕೂರದೆ ಇನ್ನೊಂದನ್ನು ಕೈಗೆತ್ತಿಕೊಳ್ಳುವಂತೆ ನೋಡಿಕೊಳ್ಳಲು ಒಬ್ಬ ಮೇಸ್ತ್ರಿ ಬೇಕು. ಆ ಮೇಸ್ತ್ರಿಯೇ ರನ್‌ಟೈಮ್. ರಸ್ಟ್ ಭಾಷೆಯನ್ನು ಕಟ್ಟಿದವರು ಎಲ್ಲವನ್ನೂ ಕೊಟ್ಟು ಮೇಸ್ತ್ರಿಯನ್ನು ಮಾತ್ರ ಕೊಡಲಿಲ್ಲ, ನಿಮಗೆ ಬೇಕಾದವರನ್ನು ನೀವೇ ಆರಿಸಿಕೊಳ್ಳಿ ಎಂದು ಬಿಟ್ಟರು. ಅಲ್ಲಿಗೆ ಎರಡು ಮನೆತನದ ನಡುವೆ ಜಗಳಕ್ಕೆ ಬೇಕಾದ ಸಾಮಗ್ರಿ ಪೂರ್ತಿಯಾಯಿತು.

ನಾಗಾರ್ಜುನನ ಆಯ್ಕೆ ಟೋಕಿಯೋ. ದೊಡ್ಡದು, ಎಲ್ಲರೂ ಬಳಸುವಂಥದ್ದು. ಅದರಲ್ಲಿ ನಾಲ್ಕು ಆಳುಗಳು ಒಟ್ಟಿಗೆ ದುಡಿಯುತ್ತಾರೆ. ಯಾರ ಕೈ ಖಾಲಿಯಾಯಿತೋ ಅವರು ಪಕ್ಕದವರ ಕೆಲಸ ಕಿತ್ತುಕೊಂಡು ಮಾಡುತ್ತಾರೆ. ರವಿತೇಜನ ಆಯ್ಕೆ ಸ್ಮೋಲ್. ಹೆಸರೇ ಹೇಳುವಂತೆ ಚಿಕ್ಕದು. ಅವನು ಅದನ್ನು ಒಂದೇ ಆಳು ದುಡಿಯುವಂತೆ ಜೋಡಿಸಿದ್ದ.

"ಮೇಡಂ, ಅವನಿಗೆ ಹೇಳಿ," ಅನ್ನುತ್ತಿದ್ದ ನಾಗಾರ್ಜುನ, ಎರಡು ಮಾರು ದೂರದಲ್ಲಿ ಕೂತ ರವಿತೇಜನ ಕಡೆ ನೋಡದೆ. "ಲೋಕವೆಲ್ಲ ಟೋಕಿಯೋ ಬಳಸ್ತೈತೆ. ಸಿಕ್ಕಾಕ್ಕೊಂಡ್ರೆ ಕೇಳೋಕೆ ಜನ ಇರ್ತಾರೆ."

"ಮೇಡಂ, ಬಾವನಿಗೆ ಹೇಳಿ," ಅನ್ನುತ್ತಿದ್ದ ರವಿತೇಜ. "ಲೋಕವೆಲ್ಲ ಬಸ್ಸಿನಾಗೆ ಓಡಾಡ್ತೈತೆ ಅಂತ ಅಂಗಡಿಗೆ ಬೆಲ್ಲ ತರೋಕೆ ಬಸ್ ತಗೊಂಡು ಹೋಗ್ತಾರಾ? ಈ ವರ್ಷ ಇನ್ನೊಂದು ರನ್‌ಟೈಮ್ ನಿಲ್ಲಿಸಿದೋರು ಸ್ವತಃ ಏನಂದ್ರು? ಇನ್ಮೇಲೆ ಸ್ಮೋಲ್ ಬಳಸ್ಕಳಿ ಅಂದ್ರು. ಕಟ್ಟಿದೋರೇ ಅಂದ್ಮೇಲೆ?"

"ಬೆಲ್ಲದಂಗಡಿ ಉದಾಹರಣೆ ಸಾಕು ಅಂತ ಹೇಳಿ ಮೇಡಂ."

ಇಬ್ಬರೂ ಹಟಕ್ಕೆ ಬಿದ್ದು ಇಡೀ ಪ್ರೋಗ್ರಾಂ ಅನ್ನು ತಲಾ ಒಂದು ಸಲ, ಬೇರೆ ಬೇರೆಯಾಗಿ ಬರೆದಿದ್ದರು. ವೀಣಾ ತೀರ್ಪು ಕೊಡಲೆಂದು ಹದಿನಾಲ್ಕು ಸಾಲಿನ ಒಂದು ಪಟ್ಟಿ ಮಾಡಿ ಒಂದೊಂದಕ್ಕೂ ಹತ್ತರಲ್ಲಿ ಅಂಕ ಕೊಟ್ಟಳು. ಗಾತ್ರ, ವೇಗ, ಮೆಮೊರಿಯ ಖರ್ಚು, ಕೈಪಿಡಿಯ ಗುಣಮಟ್ಟ. ಕೂಡಿ ನೋಡಿದರೆ 97 ಮತ್ತು 97. ಹದಿನೈದನೆಯ ಸಾಲಾಗಿ 'ಕೈಪಿಡಿ ಓದುವಾಗ ಬಂದ ಆಕಳಿಕೆಗಳು' ಎಂದು ಸೇರಿಸಿದಳು. ಅದರಲ್ಲೂ ನಾಲ್ಕು, ನಾಲ್ಕು.

ಟೀ ತಂದ ಕಾಟಪ್ಪ ಭುಜದ ಮೇಲಿಂದ ಪಟ್ಟಿ ಇಣುಕಿ ನೋಡಿದ. "ಟೋಕಿಯೋ ಅಂದ್ರೆ ಜಪಾನಲ್ವೇನ್ರಿ? ಹಾಕ್ಕಳಿ. ನಮ್ಮಪ್ಪನ ಜಪಾನ್ ರೇಡಿಯೋ ಇವತ್ತಿಗೂ ಹಾಡ್ತೈತೆ."

"ಭಾಷೆ ಯಾವ್ದು ಗೊತ್ತಾ ಕಾಟಪ್ಪ? ರಸ್ಟ್. ಅಂದ್ರೆ ತುಕ್ಕು," ಅಂದ ರವಿತೇಜ.

ಕಾಟಪ್ಪ ಖಾಲಿ ಲೋಟ ಎತ್ತಿಕೊಳ್ಳುತ್ತ ಕನಿಕರದಿಂದ ಮೂವರನ್ನೂ ನೋಡಿದ. "ಕೆಳಗೆ ಇಡೀ ಎಣ್ಣೆ ಮಿಲ್ಲೇ ಐತಲ್ರಿ. ಒಂದೀಟು ಹಚ್ಚಬಾರ್ದಾ?"

ಸೋಜಿಗದ ಸಂಗತಿ ಬೇರೆಯೇ ಇತ್ತು. ಸೋಮವಾರ ಮೊಳಕಾಲ್ಮೂರಿನಲ್ಲಿ ವೀಣಾ ಎರಡೂ ಪ್ರೋಗ್ರಾಂಗಳನ್ನು ಒಂದಾದ ಮೇಲೊಂದು ಹಾಕಿ ನೋಡಿದ್ದಳು. ಟೋಕಿಯೋದಲ್ಲಿ 340 ಮಿಲಿಸೆಕೆಂಡ್. ಸ್ಮೋಲ್‌ನಲ್ಲಿ 338. ಚಳ್ಳಕೆರೆಯ ಮೇಜಿನ ಮೇಲೆ ಲ್ಯಾಪ್‌ಟಾಪಿಗೆ ಜೋಡಿಸಿ ಪರೀಕ್ಷಿಸುವಾಗ ಮಾತ್ರ ಎರಡೂ ಚುರುಕು. ಹೀಗೇಕೆಂದು ಕಂಡುಹಿಡಿಯಲು ಅವಳು ತನಗೆ ಗೊತ್ತಿದ್ದ ಒಂದೇ ದಾರಿ ಹಿಡಿದಳು. ಇನ್ನಷ್ಟು ಅಳೆದಳು. ಎರಡೂ ಪ್ರೋಗ್ರಾಂಗಳ ಒಳಗೆ ಅವಳೇ ಬರೆದಿದ್ದ, ನಲವತ್ತು ಸಾಲಿನ ಅಳತೆಯ ತುಣುಕೊಂದಿತ್ತು. ಪ್ರತಿ ತುಳಿತಕ್ಕೂ ಅದು ಹದಿನಾಲ್ಕು ಅಂಕಿಗಳನ್ನು ಬರೆದಿಡುತ್ತಿತ್ತು. ಗುರುವಾರ ಅದನ್ನು ಇಪ್ಪತ್ತೆರಡಕ್ಕೆ ಏರಿಸಿದಳು.

ಶನಿವಾರ ಓಬಳಮ್ಮ ಫೋನ್ ಮಾಡಿದರು. "ನಾಳೆ ಹಿರಿಯರ ಹಬ್ಬ, ಮೂರೂ ಜನ ಊಟಕ್ಕೆ ಬನ್ನಿ. ಆ ಎರಡು ಹುಡುಗ್ರು ಮಾತಾಡಂಗಾಗ್ಲಿ. ಎರಡೂ ಮನೆ ಹಿರಿಯರಿಗೆ ಎಡೆ ಇಡ್ತೀನಿ, ಇವ್ರು ಮಾರಿ ತಿರುಗಿಸ್ಕೊಂಡು ಕೂತ್ರೆ ಅವ್ರಿಗೆ ಅನ್ನ ಇಳಿಯಲ್ಲ."

ಮಹಾಲಯ ಅಮಾವಾಸ್ಯೆಯ ಬೆಳಿಗ್ಗೆ ಮಗ್ಗಕ್ಕೆ ಬಿಳಿ ಬಟ್ಟೆ ಹೊದಿಸಿತ್ತು. ಮುಟ್ಟುವಂತಿಲ್ಲವಾದ್ದರಿಂದ ಎಲ್ಲರೂ ಅಡಿಗೆಮನೆಯ ಬಾಗಿಲಲ್ಲಿ ಕೂತರು. ಒಳಗೆ ಓಬಳಮ್ಮ ಒಬ್ಬರೇ ಅಕ್ಕಿ ತೊಳೆಯುತ್ತ, ಹೂರಣ ರುಬ್ಬುತ್ತ, ಒಲೆ ನೋಡುತ್ತ ಓಡಾಡುತ್ತಿದ್ದರು.

"ಅದೇನು ನಿಮ್ಮ ಜಗಳ, ನಂಗೂ ಹೇಳ್ರಿ," ಅಂದರು ಅವರು ಒಳಗಿನಿಂದಲೇ.

ವೀಣಾ ಸಾಧ್ಯವಾದಷ್ಟು ಸರಳವಾಗಿ ಹೇಳಿದಳು. ಒಂದು ಕೆಲಸ ಕಾಯ್ತಾ ಇರುವಾಗ ಇನ್ನೊಂದು ಮಾಡೋದು, ಅದಾಗೋಷ್ಟರಲ್ಲಿ ಮೊದಲಿನದರ ಕಡೆ ತಿರುಗಿ ಬರೋದು.

ಓಬಳಮ್ಮ ಸೌಟು ಹಿಡಿದುಕೊಂಡೇ ಹೊರಗೆ ಬಂದರು. "ಅನ್ನ ಕುದಿಯೋವಾಗ ತರಕಾರಿ ಹೆಚ್ಚೋದು. ಅಷ್ಟೇ ತಾನೆ?"

"ಹೂಂ, ಹೆಚ್ಚೂಕಮ್ಮಿ."

"ಇದಕ್ಕೆ ಇಂಗ್ಲಿಷ್‌ನಾಗೆ ಹೆಸರೂ ಐತಾ? ಇದನ್ನ ಕಲಿಯೋಕೆ ಮೂರು ವಾರ ಮಾತು ಬಿಟ್ರಾ?"

"ಅತ್ತೆ, ಪ್ರಶ್ನೆ ಅದಲ್ಲ," ಅಂದ ರವಿತೇಜ ಹುಮ್ಮಸ್ಸಿನಿಂದ. "ನಿನ್ನಂಗೆ ಒಬ್ಬರೇ ಮಾಡೋದು ವಾಸಿನಾ, ಅಥವಾ ನಾಲ್ಕು ಜನ ಸೇರ್ಕೊಂಡು ಒಬ್ಬರ ಕೈಯಿಂದ ಒಬ್ಬರು ಕಿತ್ಕೊಂಡು ಮಾಡೋದಾ, ಅಂತ."

"ಮೂರು ಜನ ಸೇರಿದ್ರೆ ಮೂರು ಪಟ್ಟು ಬೇಗ ಆಗ್ತೈತೆ," ಅಂದ ನಾಗಾರ್ಜುನ. ಮೂರು ವಾರದಲ್ಲಿ ಮೊದಲ ಸಲ ರವಿತೇಜನ ಮುಖ ನೋಡಿ ಅಂದ. "ಬೇಕಾದ್ರೆ ತೋರಿಸ್ತೀನಿ ಬಾರೋ ಬಾವ."

ಓಬಳಮ್ಮ ಸೌಟನ್ನು ಅವನ ಕೈಗೆ ಕೊಟ್ಟರು. "ತೋರ್ಸು. ಸಾರು ನಿಮ್ದು. ನಾನು ಹೋಳಿಗೆ ನೋಡ್ಕಂತೀನಿ."

ಹೀಗೆ ನಾಗಾರ್ಜುನ, ರವಿತೇಜ ಮತ್ತು ಓಬಣ್ಣ ಮೂವರೂ ಆಳುಗಳಾದರು. ವೀಣಾ ಹೊಸ್ತಿಲ ಈಚೆ ಸ್ಟಾಪ್‌ವಾಚ್, ನೋಟ್‌ಬುಕ್ ಹಿಡಿದು ಕೂತಳು. ನಿಯಮ ಒಂದೇ: ಯಾರ ಕೈ ಖಾಲಿಯೋ ಅವರು ಮುಂದಿನ ಕೆಲಸ ಕಿತ್ತುಕೊಳ್ಳಬೇಕು. ಕೆಲಸ ನಿಜಕ್ಕೂ ಚಕಚಕನೆ ಸಾಗಿತು. ಬೇಳೆ ಬೆಂದಿತು, ಹುಳಿ ಬಿತ್ತು, ಒಗ್ಗರಣೆ ಸಿಡಿಯಿತು. ಓಬಣ್ಣನವರಂತೂ ಮದುವೆಯಾದ ಮೂವತ್ತೈದು ವರ್ಷದಲ್ಲಿ ಮೊದಲ ಸಲ ಕರಿಬೇವಿನ ಡಬ್ಬಿ ಎಲ್ಲಿದೆಯೆಂದು ಕಂಡುಹಿಡಿದು ಅದನ್ನು ಎಲ್ಲರಿಗೂ ಎತ್ತಿ ತೋರಿಸಿದರು.

"ಹದಿನೆಂಟು ನಿಮಿಷ, ನಲವತ್ತು ಸೆಕೆಂಡ್," ಎಂದು ವೀಣಾ ಕೂಗಿದಳು. ನಾಗಾರ್ಜುನ ಮೀಸೆ ತಿರುವಿದ.

"ಉಪ್ಪು ಹಾಕಿದ್ರಾ?" ಅಂದರು ಓಬಳಮ್ಮ.

"ಹಾಕಿದೆ," ಅಂದ ನಾಗಾರ್ಜುನ.

"ಹಾಕಿದೆ," ಅಂದ ರವಿತೇಜ.

"ನಾನೂ ಹಾಕಿದ್ನಲ್ಲ," ಅಂದರು ಓಬಣ್ಣ.

ಬೇರೆ ದಿನವಾಗಿದ್ದರೆ ಎರಡನೆಯವರು ಸೌಟಿನ ತುದಿ ನಾಲಿಗೆಗೆ ತಾಕಿಸಿ ನೋಡುತ್ತಿದ್ದರು. ಆದರೆ ಹಿರಿಯರ ಹಬ್ಬದ ದಿನ ಎಡೆ ಇಡುವ ಮುಂಚೆ ಯಾರೂ ರುಚಿ ನೋಡುವಂತಿಲ್ಲ, ಅದು ಎಂಜಲಾಗುತ್ತದೆ. ಆದ್ದರಿಂದ ಮೂವರೂ ಬರೀ ಜವಾಬ್ದಾರಿಯಿಂದಲೇ ಒಂದೊಂದು ಹಿಡಿ ಹಾಕಿದ್ದರು.

"ಇದು ಆಳುಗಳ ತಪ್ಪಲ್ಲ," ಎಂದು ನಾಗಾರ್ಜುನ ತಕ್ಷಣ ವಾದಕ್ಕಿಳಿದ. "ಉಪ್ಪಿನ ಡಬ್ಬಿಗೆ ಬೀಗ ಇಡಬೇಕಿತ್ತು. ಒಬ್ಬರು ತೆಗೆದಾಗ ಇನ್ನೊಬ್ಬರಿಗೆ ಗೊತ್ತಾಗಂಗೆ ಇರ್ಬೇಕಿತ್ತು."

"ಒಂದು ಪಾತ್ರೆ ಸಾರಿಗೆ ಉಪ್ಪಿನ ಡಬ್ಬಿಗೆ ಬೀಗ, ಬೀಗಕ್ಕೆ ಕಾವಲು. ಕೇಳ್ದೇನು ಮಾವ?" ಅಂದ ರವಿತೇಜ.

ಓಬಣ್ಣ ಗೋಡೆಯ ಮೇಲಿದ್ದ ತಮ್ಮ ತಂದೆಯ ಫೋಟೋ ಕಡೆ ತಿರುಗಿ ಕೈ ಮುಗಿದರು. "ನಾಯ್ನಾ, ಈ ಸಾರು ನಿಂಗಲ್ಲ. ಇನ್ನೊಂದು ಬರ್ತೈತೆ, ತಡ್ಕೋ."

ಇನ್ನೊಂದು ಸಾರಿಗೆ ಓಬಳಮ್ಮ ಒಬ್ಬರೇ ನಿಂತರು. ವೀಣಾ ನೋಟ್‌ಬುಕ್ಕಿನ ಹೊಸ ಹಾಳೆ ತೆಗೆದು 'ಒಂದೇ ಆಳು' ಎಂದು ಮೇಲೆ ಬರೆದು ಕೆಳಗೆ ಗೆರೆ ಎಳೆದಳು. ಓಬಳಮ್ಮ ಬೇಳೆ ಏರಿಸಿದರು.

"ಒಂದ್ನಿಮಿಷ ಅಮ್ಮ, ಬೇಳೆ ಏರಿಸಿದ್ದು ಎಷ್ಟು ಹೊತ್ತಿಗೆ? ಸರಿ, ಬರ್ಕೊಂಡೆ."

ಓಬಳಮ್ಮ ಅನ್ನದ ಕಡೆ ತಿರುಗಿದರು.

"ಅಮ್ಮ, ನಿಂತ್ಕೊಳ್ಳಿ. ಈಗ ಅನ್ನ ನೋಡಿದ್ದು ಅದು ಉಕ್ಕಿತು ಅಂತಲೋ, ನೀವಾಗೇ ನೋಡಿದ್ರೋ?"

"ಹಂಗೇ ನೋಡಿದೆ ಕಣಮ್ಮ."

"ಹಂಗೇ ಅಂತ ಬರ್ಕೊಳ್ಳಲಾ?"

ಬರೆದುಕೊಂಡಳು. ಓಬಳಮ್ಮ ಹುಣಿಸೆಹಣ್ಣು ಕಿವುಚಲು ಹೋದರು. ವೀಣಾ ಕೈ ಅಡ್ಡ ಹಿಡಿದು ಗಡಿಯಾರ ನೋಡಿಕೊಂಡಳು. ಓಬಳಮ್ಮ ಹೋಳಿಗೆಯ ಹಂಚಿನ ಕಡೆ ಓಡಿದರು. ವೀಣಾ ಅವರ ಸೆರಗು ಹಿಡಿದು, ಹುಣಿಸೆಹಣ್ಣಿನ ಕೆಲಸ ಮುಗಿಯಿತೋ ಅರ್ಧಕ್ಕೆ ನಿಂತಿತೋ ಎಂದು ಖಚಿತಪಡಿಸಿಕೊಂಡಳು. ಅಷ್ಟರಲ್ಲಿ ಮನೆಯಲ್ಲೆಲ್ಲ ಒಂದು ವಾಸನೆ ಎದ್ದಿತು.

"ಸೀದೋಯ್ತು!" ಓಬಳಮ್ಮ ಹಂಚನ್ನು ಕೆಳಗಿಳಿಸಿದರು. ಹೋಳಿಗೆಯ ಒಂದು ಮುಖ ಕಾಗೆಯಂತೆ ಕಪ್ಪಗಾಗಿತ್ತು.

"ನೋಡು, ಒಬ್ಬರೇ ಮಾಡಿದ್ರೆ ಹಿಂಗೇ," ಅಂದ ನಾಗಾರ್ಜುನ.

"ಬಾಯ್ಮುಚ್ಚೋ," ಅಂದರು ಓಬಳಮ್ಮ. "ಮೂವತ್ತೈದು ವರ್ಷದಿಂದ ಒಬ್ಬಳೇ ಮಾಡ್ತಿದೀನಿ, ಒಂದು ಹೋಳಿಗೆ ಸೀದಿಲ್ಲ." ವೀಣಾ ಕಡೆ ತಿರುಗಿದರು. ದನಿ ಮೆದುವಾಗಿತ್ತು, ಆದರೆ ಸೌಟು ಎತ್ತಿ ಹಿಡಿದದ್ದು ಹಾಗೇ ಇತ್ತು. "ಅಲ್ಲಮ್ಮಾ, ನಾನು ಎಲ್ಲೂ ನಿಲ್ಲಲಿಲ್ಲ. ನೀನು ನಿಲ್ಲಿಸ್ದೆ. ನಾನೆಷ್ಟು ಜಲ್ದಿ ಮಾಡ್ತೀನಿ ಅಂತ ಬರ್ಕಳೋಕೆ ನನ್ನ ಕೈ ಹಿಡ್ಕೊಂಡು ಕೂತ್ರೆ ಹೋಳಿಗೆ ಸೀಯದೆ ಇನ್ನೇನಾಗ್ತೈತೆ?"

ವೀಣಾ ಪೆನ್ನು ಹಿಡಿದ ಕೈಯನ್ನು ಎತ್ತಿದವಳು ಇಳಿಸಲಿಲ್ಲ. ಅವಳ ಕಣ್ಣ ಮುಂದೆ ಅಡಿಗೆಮನೆ ಮಸುಕಾಗಿ ಹಸಿರು ಪೆಟ್ಟಿಗೆ ಬಂದು ನಿಂತಿತು. ಓಬಣ್ಣನವರ ಹೆಬ್ಬೆರಳು ಹಲಗೆ ಒತ್ತುತ್ತದೆ. ಪೆಟ್ಟಿಗೆಗೆ ತಿಳಿಯುತ್ತದೆ. ಆಮೇಲೆ? ಎಳೆ ಎತ್ತುವ ಮೊದಲು ಅವಳ ಅಳತೆಯ ತುಣುಕು ಮೇಸ್ತ್ರಿಯ ಕೈ ಹಿಡಿದು ನಿಲ್ಲಿಸಿ, ಹದಿನಾಲ್ಕು, ಗುರುವಾರದಿಂದ ಇಪ್ಪತ್ತೆರಡು, ಅಂಕಿಗಳನ್ನು ಒಂದೊಂದಾಗಿ ಮೆಮೊರಿ ಕಾರ್ಡಿಗೆ ಬರೆದು, ಬರೆದದ್ದು ಸರಿಯಾಗಿ ಕೂತಿತೇ ಎಂದು ಕೇಳಿ ತಿಳಿದು, ಆಮೇಲಷ್ಟೇ 'ಹೋಗು' ಅನ್ನುತ್ತದೆ. ಮೇಸ್ತ್ರಿ ಯಾರೇ ಇರಲಿ, ಕೈ ಹಿಡಿದು ನಿಲ್ಲಿಸಿದರೆ ನಿಲ್ಲಲೇಬೇಕು. ಚಳ್ಳಕೆರೆಯಲ್ಲಿ ಅಂಕಿ ಬರೆಯುತ್ತಿದ್ದ ಲ್ಯಾಪ್‌ಟಾಪಿನ ಡಿಸ್ಕ್ ಚುರುಕಾಗಿದ್ದರಿಂದ ಇದು ಗೊತ್ತೇ ಆಗಿರಲಿಲ್ಲ. ಪೆಟ್ಟಿಗೆಯೊಳಗಿನದು ಬಸ್ ಸ್ಟ್ಯಾಂಡ್ ಪಕ್ಕದ ಅಂಗಡಿಯ ಅಗ್ಗದ ಕಾರ್ಡು.

ಯಾವ ರನ್‌ಟೈಮ್ ಬೇಗ ಎಂದು ತಿಳಿಯಲು ಇಟ್ಟ ಅಳತೆಯೇ ಎರಡನ್ನೂ ಸಮನಾಗಿ ಕಾಯಿಸಿತ್ತು.

"ನನ್ನ ಅಳತೆಯ ತುಣುಕು ನೀವಿಬ್ರೂ ಓದಿ ನೋಡಿದ್ರಾ?" ಎಂದು ಕೇಳಿದಳು.

ಬಾವಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಮೇಡಂ ಬರೆದದ್ದು..." ಅಂದ ನಾಗಾರ್ಜುನ.

"ಅದನ್ನ ಹೆಂಗೆ ನೋಡೋದು ಅಂತ..." ಅಂದ ರವಿತೇಜ.

ಮೂರು ವಾರ ಒಬ್ಬರ ಪ್ರೋಗ್ರಾಂ ಅನ್ನು ಇನ್ನೊಬ್ಬರು ಅಕ್ಷರ ಬಿಡದೆ ಓದಿ ಬೈದಿದ್ದರು. ನಡುವೆ ಕೂತಿದ್ದ ನಲವತ್ತು ಸಾಲುಗಳನ್ನು ಗೌರವದಿಂದ ದಾಟಿಕೊಂಡು ಹೋಗಿದ್ದರು.

ವೀಣಾ ನೋಟ್‌ಬುಕ್ ಮುಚ್ಚಿ ಹೊಸ್ತಿಲಾಚೆ ಇಟ್ಟಳು. ಅವಳ ಕೈ ಎರಡು ಸಲ ಅದರ ಕಡೆ ಹೋಗಿ ತಾನಾಗಿ ಹಿಂದೆ ಬಂತು. ಓಬಳಮ್ಮ ಯಾರ ಅಡ್ಡಿಯೂ ಇಲ್ಲದೆ ಅನ್ನ, ಸಾರು, ಪಲ್ಯ, ಹೋಳಿಗೆ ಮುಗಿಸಿದರು. ಎಷ್ಟು ಹೊತ್ತು ಹಿಡಿಯಿತೆಂದು ಯಾರಿಗೂ ಗೊತ್ತಿಲ್ಲ. ಎಡೆ ಇಟ್ಟು ಊಟಕ್ಕೆ ಕೂತಾಗ ಸಾರಿನಲ್ಲಿ ಉಪ್ಪು ಹದವಾಗಿತ್ತು. ಬಾವಂದಿರು ಅಕ್ಕಪಕ್ಕ ಕೂತು, ಎರಡನೆಯ ಹೋಳಿಗೆ ಹೊತ್ತಿಗೆ ನೇರವಾಗಿಯೇ ಜಗಳವಾಡತೊಡಗಿದರು. ಮೇಡಂ ಮೂಲಕ ಕಳಿಸುವ ಅಗತ್ಯ ಕಾಣಲಿಲ್ಲ.

"ಈಗ್ಲಾದ್ರೂ ಯಾವ್ದು ಅಂತ ಹೇಳಿ ಮೇಡಂ," ಅಂದ ರವಿತೇಜ.

ವೀಣಾ ತುಪ್ಪ ಸುರಿದುಕೊಳ್ಳುತ್ತ ಯೋಚಿಸಿದಳು. "ಟೋಕಿಯೋನ ಒಂದೇ ಆಳು ಇಟ್ಕೊಂಡೂ ಓಡಿಸಬಹುದು, ಅಲ್ವಾ ನಾಗಾರ್ಜುನ?"

"ಆಗ್ತೈತೆ," ಅಂದ ಅವನು ಒಲ್ಲದ ಮನಸ್ಸಿನಿಂದ. "ಒಂದು ಸಾಲು ಬದಲಾಯಿಸಿದ್ರೆ ಸಾಕು."

"ಹಾಗಾದ್ರೆ ಮೇಸ್ತ್ರಿ ನಿನ್ನವನು, ಒಂಟಿ ಆಳು ರವಿತೇಜನದು. ಒಂದು ಮಗ್ಗ, ಒಂದು ಕಾಲು. ನಾಲ್ಕು ಜನ ಉಪ್ಪು ಹಾಕೋ ಅಷ್ಟು ಕೆಲಸ ಅಲ್ಲಿಲ್ಲ. ಆದ್ರೆ ಸಿಕ್ಕಾಕ್ಕೊಂಡ್ರೆ ಕೇಳೋಕೆ ಜನ ಬೇಕು, ಅದಕ್ಕೆ ಟೋಕಿಯೋ."

ಇಬ್ಬರಿಗೂ ಇದು ಸಮನಾಗಿ ಹಿಡಿಸಲಿಲ್ಲ. ಅಳತೆ ಇಲ್ಲದೆಯೂ ವೀಣಾಗೆ ಅದು ಗೊತ್ತಾಯಿತು, ತೀರ್ಪು ಸರಿಯಾಗಿದೆ ಎಂದು ಸಮಾಧಾನವಾಯಿತು.

ಮರುದಿನ ಸೋಮವಾರ ಬೆಳಿಗ್ಗೆ ಓಬಣ್ಣ ಮಗ್ಗಕ್ಕೆ ಊದುಬತ್ತಿ ಬೆಳಗಿ ಗುಂಡಿಗಿಳಿದರು. ಪೆಟ್ಟಿಗೆಯಲ್ಲಿ ಹೊಸ ಪ್ರೋಗ್ರಾಂ ಇತ್ತು, ಅಳತೆಯ ತುಣುಕು ಇರಲಿಲ್ಲ. ಓಬಳಮ್ಮ ಸೆರಗಿನ ತುದಿ ಹಲ್ಲಿನಲ್ಲಿ ಕಚ್ಚಿಕೊಂಡು ಕಂಬದ ಪಕ್ಕ ನಿಂತರು.

ಓಬಣ್ಣ ತುಳಿದರು. ಲಾಳಿ ಓಡಿತು. ತುಳಿದರು, ಲಾಳಿ ತಿರುಗಿ ಬಂತು. ಹತ್ತು ಸಲ, ಇಪ್ಪತ್ತು ಸಲ. ಟಕ್ ಎಂಬ ಸದ್ದು ಹೆಬ್ಬೆರಳಿಗೇ ಅಂಟಿಕೊಂಡಂತೆ ಕೇಳುತ್ತಿತ್ತು. ನೂರರ ಹೊತ್ತಿಗೆ ಅವರು ಪೆಟ್ಟಿಗೆಯ ಕಡೆ ನೋಡುವುದನ್ನೇ ಬಿಟ್ಟಿದ್ದರು.

"ಹೆಂಗೈತೆ ಚಿಕ್ಕಪ್ಪ?" ಅಂದ ನಾಗಾರ್ಜುನ ತಾಳಲಾರದೆ.

"ಏನು ಹೆಂಗೈತೆ?"

"ಪೆಟ್ಟಿಗೆ."

"ಓ, ಅದಾ," ಅಂದರು ಓಬಣ್ಣ, ಕೈ ನಿಲ್ಲಿಸದೆ. "ಲೇ ಓಬಳೀ, ನೀರು ಕೊಡೇ!"

"ಗುಂಡಿಯೊಳಗಿಂದ ಕೂಗ್ತಾನಲ್ಲ, ಸಾಕು," ಎಂದು ಓಬಳಮ್ಮ ನಿಟ್ಟುಸಿರು ಬಿಟ್ಟು ನೀರು ತರಲು ಹೋದರು.

ರವಿತೇಜ ಮೆಲ್ಲಗೆ ವೀಣಾಳ ಬಳಿ ಸರಿದ. "ಮೇಡಂ, ಬರೀ ಒಂದು ಗಂಟೆ ಸ್ಮೋಲ್ ಹಾಕಿ ನೋಡೋಣ್ವಾ? ಸುಮ್ನೆ, ಹೋಲಿಸೋಕೆ."

"ಸೀರೆ ಶುರುವಾಗೈತೆ," ಅಂದರು ಓಬಣ್ಣ, ಅವರ ಕಿವಿಗೇನೂ ಮಂಡಿನೋವಿರಲಿಲ್ಲ. "ನಡುವೆ ಯಾವನಾದ್ರೂ ನನ್ನ ಮಗ್ಗಕ್ಕೆ ಕೈ ಇಟ್ರೆ ಮುರಿತೀನಿ. ಮುಗಿಲಿ, ಆಮೇಲೆ ನಿಮ್ಮ ಬೊಂಬಾಯಿ, ಟೋಕಿಯೋ ಎಲ್ಲಾ ನೋಡಾಣ."

ವೀಣಾ ಗೋಡೆಗೊರಗಿ ಎಷ್ಟೋ ಹೊತ್ತು ಸುಮ್ಮನೆ ನೋಡುತ್ತ ನಿಂತಿದ್ದಳು. ಅಂಚಿನಲ್ಲಿ ಮೊದಲ ನವಿಲಿನ ಪಾದ ಮೂಡಿತ್ತು. ಕೊನೆಗೆ ಅಳೆಯದೆ ಇರಲು ಅವಳಿಂದ ಆಗಲಿಲ್ಲ. ಪೆಟ್ಟಿಗೆಯನ್ನು ಮುಟ್ಟದೆ, ಓಬಣ್ಣನವರನ್ನು ಏನೂ ಕೇಳದೆ, ದೂರದಿಂದಲೇ ಫೋನಿನಲ್ಲಿ ಸೆಕೆಂಡಿಗೆ 240 ಚಿತ್ರ ತೆಗೆಯುವ ವೀಡಿಯೋ ಹಿಡಿದಳು. ಬಾಗಿಲಾಚೆ ಹೋಗಿ, ಹಲಗೆ ಒತ್ತಿದ ಚಿತ್ರದಿಂದ ಎಳೆ ಎದ್ದ ಚಿತ್ರದವರೆಗೆ ಬೆರಳಿನಲ್ಲಿ ಒಂದೊಂದಾಗಿ ಸರಿಸುತ್ತ ಎಣಿಸಿದಳು. ಐದು ಚಿತ್ರ. ನೋಟ್‌ಬುಕ್ ತೆರೆದು, ದಿನಾಂಕ ಹಾಕಿ, ಒಂದೇ ಸಾಲು ಬರೆದಳು: 21 ಮಿಲಿಸೆಕೆಂಡ್.